ನೆಚ್ಚಿನ ತಾರೆಯನ್ನು ಭೇಟಿಯಾದ ಕಥೆ ಇಂಗ್ಲಿಷಿನಲ್ಲಿ ಎಡವಿದಾಗ: ದೋಷ ಪತ್ತೆ ಮತ್ತು ನಿವಾರಣೆ

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ಮಾತು ರೂಢಿಸಿಕೊಳ್ಳುತ್ತಿರುವವರ ಸಣ್ಣ ಗುಂಪೊಂದಕ್ಕೆ ನಾನು ಕೆಲವು ವರ್ಷಗಳಿಂದ ಸಂಜೆಯ ಹೊತ್ತು ಅಭ್ಯಾಸ ಮಾಡಿಸುತ್ತಿದ್ದೇನೆ. ವ್ಯಾಕರಣದ ಯಾವ ಭಾಗ ಸಡಿಲವಾಗಿದೆ ಎಂದು ತಿಳಿಯಲು ನಾನು ಮೊದಲು ಕೊಡುವ ವಿಷಯ ಒಂದೇ: ‘ನಿಮ್ಮ ಮೆಚ್ಚಿನ ಆಟಗಾರನನ್ನೋ ನಟಿಯನ್ನೋ ಭೇಟಿಯಾದ ಕಥೆಯನ್ನು ಗೆಳೆಯರಿಗೆ ಹೇಳಿ.’ ಈ ಕಥೆಯಲ್ಲಿ ಹಿಂದೆ ನಡೆದದ್ದು, ಇಂದಿಗೂ ಉಳಿದ ಅಭಿಮಾನ, ಅವರು ಆಡಿದ ಮಾತು, ಮತ್ತೊಮ್ಮೆ ಸಿಕ್ಕರೆ ಕೇಳಬೇಕಾದ ಪ್ರಶ್ನೆ ಎಲ್ಲವೂ ತಾನಾಗಿಯೇ ಬರುವುದರಿಂದ, ಎರಡು ನಿಮಿಷದ ಮಾತಿನಲ್ಲಿಯೇ ದೋಷಗಳು ಕಣ್ಣಿಗೆ ಬೀಳುತ್ತವೆ.

ಹಾಗೆ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ತಿಳಿಯದೆ ಆದವಲ್ಲ. ಬಾಯಲ್ಲಿ ಇಂಗ್ಲಿಷ್ ಪದಗಳಿದ್ದರೂ ಒಳಗೆ ಕನ್ನಡದ ಯಾವುದೋ ಪ್ರತ್ಯಯ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿರುತ್ತದೆ. ಆ ಪ್ರತ್ಯಯ ಯಾವುದೆಂದು ಗುರುತಿಸಿದರೆ ದುರಸ್ತಿ ಬೇಗ ಆಗುತ್ತದೆ. ಆದ್ದರಿಂದ ಇಲ್ಲಿ ಪ್ರತಿ ಲಕ್ಷಣದ ಜೊತೆಗೆ ಅದರ ಹಿಂದಿರುವ ಕನ್ನಡದ ರೂಪವನ್ನೂ ಹೇಳಿದ್ದೇನೆ.

ಮೊದಲು ಮಾಡಬೇಕಾದ, ಖರ್ಚಿಲ್ಲದ ಪರೀಕ್ಷೆ

ಕೆಳಗಿನ ಸಂಭಾಷಣೆ ಕಲ್ಪಿತವಾದದ್ದು. ಚಿನ್ನಸ್ವಾಮಿ ಕ್ರೀಡಾಂಗಣದ ಸಮೀಪದ ವೃತ್ತವೊಂದಕ್ಕೆ ಅನಿಲ್ ಕುಂಬ್ಳೆ ಅವರ ಹೆಸರೇ ಇರುವುದರಿಂದ ಅವರನ್ನೇ ಆರಿಸಿಕೊಂಡಿದ್ದೇನೆ. ನಿಮ್ಮ ಮೆಚ್ಚಿನವರು ಬೇರೆಯಾದರೆ ಹೆಸರನ್ನೂ ಜಾಗವನ್ನೂ ಬದಲಿಸಿಕೊಳ್ಳಬಹುದು.

— ಹ್ಯಾವ್ ಯು ಎವರ್ ಮೆಟ್ ಯುವರ್ ಹೀರೋ?
— ಯೆಸ್, ಐ ಹ್ಯಾವ್. ಐ ಮೆಟ್ ಅನಿಲ್ ಕುಂಬ್ಳೆ ಲಾಸ್ಟ್ ಇಯರ್.
— ರಿಯಲಿ? ವೇರ್ ಡಿಡ್ ಯು ಮೀಟ್ ಹಿಮ್?
— ನಿಯರ್ ದ ಚಿನ್ನಸ್ವಾಮಿ ಸ್ಟೇಡಿಯಂ. ಹಿ ಹ್ಯಾಸ್ ಬೀನ್ ಮೈ ಹೀರೋ ಸಿನ್ಸ್ ಐ ವಾಸ್ ಟೆನ್.
— ವಾಟ್ ಡಿಡ್ ಹಿ ಸೇ?
— ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಸ್ಟಡಿಯಿಂಗ್. ಐ ವಾಸ್ ಸೋ ಎಕ್ಸೈಟೆಡ್ ದಟ್ ಐ ಫರ್ಗಾಟ್ ಟು ಟೇಕ್ ಎ ಫೋಟೋ.
— ಇಫ್ ಯು ಮೆಟ್ ಹಿಮ್ ಅಗೇನ್, ವಾಟ್ ವುಡ್ ಯು ಆಸ್ಕ್?
— ಐ ವುಡ್ ಆಸ್ಕ್ ಹಿಮ್ ಹೌ ಹಿ ಬೌಲ್ಡ್ ವಿತ್ ಎ ಬ್ರೋಕನ್ ಜಾ.

ಇದನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿಡಿ. ಬಳಿಕ ನಿಮ್ಮದೇ ಕಥೆಯನ್ನು ಎರಡು ನಿಮಿಷ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಆಡುವಾಗ ನಿಲ್ಲಿಸಬೇಡಿ, ತಿದ್ದಿಕೊಳ್ಳಬೇಡಿ. ಮುಗಿದ ಮೇಲೆ ಮುದ್ರಿಕೆಯನ್ನು ಕೇಳುತ್ತಾ, ಆಡಿದಂತೆಯೇ ಕಾಗದಕ್ಕೆ ಇಳಿಸಿ. ಎಷ್ಟೋ ಜನರಿಗೆ ಈ ಬರವಣಿಗೆಯ ಹಂತದಲ್ಲಿಯೇ ಅರ್ಧದಷ್ಟು ತಪ್ಪುಗಳು ತಾವಾಗಿ ತಿಳಿಯುತ್ತವೆ. ಹಾಗೆ ತಿಳಿದರೆ ನಿಮಗೆ ನಿಯಮ ಗೊತ್ತಿದೆ, ರೂಢಿ ಮಾತ್ರ ಆಗಿಲ್ಲ ಎಂದು ಅರ್ಥ. ಹೊಸ ವ್ಯಾಕರಣ ಪುಸ್ತಕ ಕೊಳ್ಳುವ ಅಗತ್ಯವಿಲ್ಲ, ಅದೇ ಕಥೆಯನ್ನು ದಿನವೂ ಹೇಳಿದರೆ ಸಾಕು. ಬರೆದ ಮೇಲೂ ತಪ್ಪು ಕಾಣದಿದ್ದರೆ ಮುಂದಿನ ಲಕ್ಷಣಗಳನ್ನು ಒಂದೊಂದಾಗಿ ನೋಡಬೇಕು.

ಲಕ್ಷಣ: ಒಬ್ಬರ ಬಗ್ಗೆ ಹೇಳುತ್ತಿದ್ದರೂ ‘ಎಷ್ಟು ಜನ ಬಂದಿದ್ದರು?’ ಎಂದು ಕೇಳುತ್ತಾರೆ

‘ದೇ ಕೇಮ್ ಔಟ್ ಆಫ್ ದ ಕಾರ್, ದೇ ಸ್ಮೈಲ್ಡ್ ಅಟ್ ಮಿ’ ಎಂಬ ಮಾತು ಮೆಚ್ಚಿನವರ ಕಥೆಯಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ; ಅದೇ ವ್ಯಕ್ತಿ ತನ್ನ ತಮ್ಮನ ವಿಷಯ ಹೇಳುವಾಗ ಈ ತಪ್ಪು ಮಾಡುವುದಿಲ್ಲ. ಕಾರಣ ಸ್ಪಷ್ಟ. ಕನ್ನಡದಲ್ಲಿ ಗೌರವಕ್ಕೆ ಪಾತ್ರರಾದವರನ್ನು ‘ಅವರು ಬಂದರು’ ಎಂದು ಬಹುವಚನದಲ್ಲಿ ಹೇಳುತ್ತೇವೆ, ಮತ್ತು ‘ಹಿ’ ಎಂಬ ಪದ ನಮ್ಮ ಕಿವಿಗೆ ‘ಅವನು’ ಎಂದೇ ಕೇಳಿಸುತ್ತದೆ. ಚಿಕ್ಕಂದಿನಿಂದ ಆರಾಧಿಸಿದವರನ್ನು ಏಕವಚನದಲ್ಲಿ ಕರೆಯಲು ನಾಲಗೆ ಹಿಂಜರಿಯುವುದು ಸಹಜ, ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ.

ಆದರೆ ಇಂಗ್ಲಿಷಿನ ‘ಹಿ’ಯಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ರಾಷ್ಟ್ರಪತಿಗಳಿಗೂ ಮನೆಯ ಮಗುವಿಗೂ ಅದೇ ಪದ. ಗೌರವವನ್ನು ಅಲ್ಲಿ ‘ಹಿ ವಾಸ್ ಕೈಂಡ್ ಇನಫ್ ಟು ಸ್ಟಾಪ್’, ‘ಐ ಹ್ಯಾಡ್ ದ ಆನರ್ ಆಫ್ ಮೀಟಿಂಗ್ ಹಿಮ್’ ಎಂಬಂಥ ವಾಕ್ಯಗಳಲ್ಲಿ ತೋರಿಸುತ್ತಾರೆ. ಇದರ ಪರಿಹಾರ ಸುಲಭ: ನೀವು ಬರೆದುಕೊಂಡ ಕಾಗದದಲ್ಲಿ ಪ್ರತಿ ‘ದೇ’ಗೆ ವೃತ್ತ ಹಾಕಿ, ಅದು ಒಬ್ಬರೇ ಆಗಿದ್ದರೆ ‘ಹಿ’ ಅಥವಾ ‘ಶಿ’ ಎಂದು ಬದಲಿಸಿ, ಬೇಕಿದ್ದರೆ ಮೇಲಿನ ಗೌರವದ ವಾಕ್ಯಗಳಲ್ಲಿ ಒಂದನ್ನು ಸೇರಿಸಿ ಮತ್ತೆ ಗಟ್ಟಿಯಾಗಿ ಓದಿ. ಮೂರು ನಾಲ್ಕು ದಿನಗಳಲ್ಲಿ ಈ ದೋಷ ಹೋಗುವುದನ್ನು ಕಂಡಿದ್ದೇನೆ.

ಲಕ್ಷಣ: ‘ಡಿಡ್ ಯು ಮೆಟ್ ಹಿಮ್?’, ‘ವೇರ್ ಯು ಮೆಟ್ ಹಿಮ್?’ ಎಂಬ ಪ್ರಶ್ನೆಗಳು ಬರುತ್ತಿವೆ

ಕನ್ನಡದಲ್ಲಿ ಪ್ರಶ್ನೆ ಮಾಡಲು ವಾಕ್ಯದ ಕ್ರಮವನ್ನು ಕದಲಿಸಬೇಕಿಲ್ಲ. ‘ಭೇಟಿಯಾದಿರಿ’ ಎಂಬುದರ ಕೊನೆಗೆ ‘ಆ’ ಸೇರಿಸಿದರೆ ‘ಭೇಟಿಯಾದಿರಾ?’ ಆಗುತ್ತದೆ, ‘ಎಲ್ಲಿ’ ಎಂದು ಸೇರಿಸಿದರೆ ಅದೂ ಬೇಕಿಲ್ಲ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ಡಿಡ್’ ಬರುತ್ತದೆ, ಬರುವಾಗ ಕ್ರಿಯಾಪದದ ಭೂತಕಾಲವನ್ನು ತಾನೇ ಹೊತ್ತುಕೊಳ್ಳುತ್ತದೆ. ಹಾಗಾಗಿ ‘ಮೆಟ್’ ಮರಳಿ ‘ಮೀಟ್’ ಆಗಬೇಕು.

ಪರೀಕ್ಷಿಸುವ ಬಗೆ: ವಾಕ್ಯದಲ್ಲಿ ಭೂತಕಾಲದ ಗುರುತುಗಳನ್ನು ಎಣಿಸಿ. ‘ಡಿಡ್ ಯು ಮೆಟ್’ನಲ್ಲಿ ಎರಡಿವೆ, ಒಂದನ್ನು ತೆಗೆಯಬೇಕು. ‘ಐ ಡಿಡ್ ನಾಟ್ ಸಾ ಹಿಮ್’ ಎಂಬ ನಿಷೇಧದ ವಾಕ್ಯಕ್ಕೂ ಇದೇ ಎಣಿಕೆ. ‘ವೇರ್ ಯು ಮೆಟ್’ನಲ್ಲಿ ಗುರುತು ಒಂದೇ ಇದ್ದರೂ ಪ್ರಶ್ನೆಯ ಕೆಲಸ ಮಾಡುವ ‘ಡಿಡ್’ ಇಲ್ಲ, ಅದನ್ನು ಸೇರಿಸಬೇಕು. ‘ಹೂ ಟೋಲ್ಡ್ ಯು?’ ಎಂಬಲ್ಲಿ ಮಾತ್ರ, ‘ಯಾರು’ ಎಂಬುದೇ ಕರ್ತೃವಾಗಿರುವುದರಿಂದ, ‘ಡಿಡ್’ ಬೇಡ.

ಲಕ್ಷಣ: ಭೇಟಿಯ ದಿನ ಹೇಳಿದ ಕೂಡಲೇ ಕೇಳುವವರು ತಡೆಯುತ್ತಾರೆ, ಅಥವಾ ‘ಆಮೇಲೆ?’ ಎಂದು ಕಾಯುತ್ತಾರೆ

ಇಲ್ಲಿ ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ದೋಷಗಳಿವೆ, ಅವನ್ನು ಬೇರ್ಪಡಿಸಿ ನೋಡಬೇಕು.

ಕೇಳುವವರು ತಡೆದರೆ ನೀವು ‘ಐ ಹ್ಯಾವ್ ಮೆಟ್ ಹಿಮ್ ಯೆಸ್ಟರ್‌ಡೇ’ ಎಂದಿರುವ ಸಂಭವ ಹೆಚ್ಚು. ಕನ್ನಡದಲ್ಲಿ ‘ಅವರನ್ನು ನಿನ್ನೆ ನೋಡಿದ್ದೇನೆ’ ಎಂಬ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ‘ನೋಡಿದ್ದೇನೆ’ ಎಂಬುದು ‘ನಿನ್ನೆ’ಯನ್ನು ನೆಮ್ಮದಿಯಿಂದ ಜೊತೆಗಿಟ್ಟುಕೊಳ್ಳುತ್ತದೆ. ಇಂಗ್ಲಿಷಿನ ‘ಹ್ಯಾವ್ ಮೆಟ್’ ಹಾಗೆ ಇಟ್ಟುಕೊಳ್ಳುವುದಿಲ್ಲ. ಆ ರೂಪ ಇಲ್ಲಿಯವರೆಗಿನ ಬದುಕಿನಲ್ಲಿ ಅನುಭವ ಇದೆಯೇ ಎಂಬುದನ್ನು ಹೇಳುತ್ತದೆ, ಯಾವ ದಿನ ಎಂಬುದನ್ನು ಹೇಳುವುದಿಲ್ಲ.

ಕ್ರಿಕೆಟ್ಟಿನ ಒಂದು ಸಂಗತಿಯಿಂದ ಇದನ್ನು ನೆನಪಿಡಬಹುದು. ಟೆಸ್ಟ್ ಪಂದ್ಯದ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ಪಡೆದವರು 1956ರಲ್ಲಿ ಜಿಮ್ ಲೇಕರ್, 1999ರಲ್ಲಿ ಅನಿಲ್ ಕುಂಬ್ಳೆ, 2021ರಲ್ಲಿ ಏಜಾಜ್ ಪಟೇಲ್. ‘ತ್ರೀ ಬೌಲರ್ಸ್ ಹ್ಯಾವ್ ಟೇಕನ್ ಆಲ್ ಟೆನ್ ವಿಕೆಟ್ಸ್’ ಎನ್ನುವಾಗ ಲೆಕ್ಕ ಇಂದಿನವರೆಗೆ ತೆರೆದಿದೆ, ನಾಳೆ ನಾಲ್ಕನೆಯವರು ಸೇರಬಹುದು. ‘ಕುಂಬ್ಳೆ ಟುಕ್ ಆಲ್ ಟೆನ್ ವಿಕೆಟ್ಸ್ ಇನ್ ಡೆಲ್ಲಿ ಇನ್ 1999’ ಎನ್ನುವಾಗ ಆ ಫೆಬ್ರುವರಿಯ ದಿನ ಮುಗಿದುಹೋಗಿದೆ. ನಿಮ್ಮ ವಾಕ್ಯಕ್ಕೆ ‘ಯಾವಾಗ?’ ಎಂದು ಕೇಳಿ ನೋಡಿ. ಉತ್ತರ ಅದೇ ವಾಕ್ಯದೊಳಗೆ ಕುಳಿತಿದ್ದರೆ ‘ಹ್ಯಾವ್’ ತೆಗೆಯಿರಿ.

ಕೇಳುವವರು ‘ಆಮೇಲೆ?’ ಎಂದು ಕಾಯುತ್ತಿದ್ದರೆ ದೋಷ ಬೇರೆ. ‘ಐ ಹ್ಯಾಡ್ ಮೆಟ್ ಹಿಮ್ ಲಾಸ್ಟ್ ಇಯರ್’ ಎಂದು ನೀವು ಹೇಳಿ ನಿಲ್ಲಿಸಿದ್ದೀರಿ. ಇದರ ಹಿಂದೆ ಇರುವುದು ನಮ್ಮ ‘ಹೋದ ವರ್ಷ ಭೇಟಿಯಾಗಿದ್ದೆ’. ಕನ್ನಡದಲ್ಲಿ ಅದು ಪೂರ್ಣ ವಾಕ್ಯ, ಇಂಗ್ಲಿಷಿನಲ್ಲಿ ಅರ್ಧ ವಾಕ್ಯದಂತೆ ಕೇಳಿಸುತ್ತದೆ, ಏಕೆಂದರೆ ‘ಹ್ಯಾಡ್ ಮೆಟ್’ ಎಂದರೆ ಹಿಂದಿನ ಇನ್ನೊಂದು ಘಟನೆಗಿಂತಲೂ ಮೊದಲು ಎಂದರ್ಥ. ‘ಐ ಹ್ಯಾಡ್ ಆಲ್ರೆಡಿ ಮೆಟ್ ಹಿಮ್ ಬಿಫೋರ್ ಐ ಜಾಯಿನ್ಡ್ ದ ಕಾಲೇಜ್’ ಎಂದಾಗ ಆ ಎರಡನೆಯ ಘಟನೆ ಸಿಗುತ್ತದೆ. ಅಂಥ ಎರಡನೆಯ ಘಟನೆ ನಿಮ್ಮ ಕಥೆಯಲ್ಲಿ ಇಲ್ಲದಿದ್ದರೆ ಬರೀ ‘ಐ ಮೆಟ್’ ಸಾಕು. ನಮ್ಮ ಕಡೆಯ ಕಚೇರಿ ಪತ್ರಗಳಲ್ಲಿಯೂ ಈ ‘ಹ್ಯಾಡ್’ ಧಾರಾಳವಾಗಿ ಬಳಕೆಯಲ್ಲಿರುವುದರಿಂದ ಕಿವಿಗೆ ಅದು ತಪ್ಪೆಂದು ಹೊಳೆಯುವುದಿಲ್ಲ; ತಾಳ್ಮೆ ಬೇಕು.

ಒಂದು ಎಚ್ಚರಿಕೆ: ‘ಡಿಡ್ ಯು ಎವರ್ ಮೀಟ್ ಹಿಮ್?’ ಎಂದು ಯಾರಾದರೂ ಕೇಳಿದರೆ ತಿದ್ದಲು ಹೋಗಬೇಡಿ. ಅಮೆರಿಕದ ಮಾತಿನಲ್ಲಿ ಅದು ದಿನನಿತ್ಯದ ಬಳಕೆ.

ಲಕ್ಷಣ: ‘ಎಷ್ಟು ಕಾಲದಿಂದ ಅಭಿಮಾನಿ’ ಎಂದು ಹೇಳುವಲ್ಲಿ ವಾಕ್ಯ ತೊಡಕಾಗುತ್ತದೆ

‘ಹತ್ತು ವರ್ಷದಿಂದ’ ಮತ್ತು ‘1999ರಿಂದ’ ಎಂಬ ಎರಡಕ್ಕೂ ನಮ್ಮಲ್ಲಿ ‘ಇಂದ’ ಒಂದೇ ಪ್ರತ್ಯಯ. ಆದ್ದರಿಂದ ‘ಸಿನ್ಸ್ ಟೆನ್ ಇಯರ್ಸ್’, ‘ಫ್ರಮ್ ಟೆನ್ ಇಯರ್ಸ್’ ಎಂಬ ರೂಪಗಳು ಹುಟ್ಟುತ್ತವೆ. ಕಾಲದ ಅಳತೆ ಹೇಳಿದರೆ ‘ಫಾರ್ ಟೆನ್ ಇಯರ್ಸ್’, ಆರಂಭದ ಬಿಂದು ಹೇಳಿದರೆ ‘ಸಿನ್ಸ್ 1999’. ಕ್ರಿಯಾಪದದ ದೋಷ ಇದಕ್ಕಿಂತ ಆಳದ್ದು. ‘1999ರಿಂದ ಅವರು ನನ್ನ ಹೀರೋ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಅದನ್ನು ಇಂಗ್ಲಿಷಿಗೆ ತರುವಾಗ ಕೈಗೆ ಮೊದಲು ಸಿಕ್ಕ ‘ಈಸ್’ ಹಾಕಿಬಿಡುತ್ತೇವೆ. ಅಲ್ಲಿ ಬರಬೇಕಾದದ್ದು ‘ಹ್ಯಾಸ್ ಬೀನ್’. ಹಾಗೆಯೇ ‘ಐ ಆಮ್ ಲೈಕಿಂಗ್ ಹಿಮ್’ ಎಂಬುದು ‘ಐ ಹ್ಯಾವ್ ಲೈಕ್ಡ್ ಹಿಮ್’ ಆಗಬೇಕು. ಇಷ್ಟ, ತಿಳಿವಳಿಕೆ, ನಂಬಿಕೆಗಳನ್ನು ಹೇಳುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ.

ಸಣ್ಣ ಲಕ್ಷಣಗಳು, ಬೇಗ ಸರಿಹೋಗುವಂಥವು

‘ಐ ವಾಸ್ ವೆರಿ ಎಕ್ಸೈಟಿಂಗ್’ ಎಂದರೆ ನೀವು ಇತರರಿಗೆ ರೋಮಾಂಚನ ಉಂಟುಮಾಡಿದಿರಿ ಎಂದಾಗುತ್ತದೆ. ಅನುಭವಿಸಿದವರು ‘ಎಕ್ಸೈಟೆಡ್’, ಅನುಭವ ಕೊಟ್ಟದ್ದು ‘ಎಕ್ಸೈಟಿಂಗ್’. ‘ಹಿ ಈಸ್ ಹಂಬಲ್ ಪರ್ಸನ್’ ಎಂಬಲ್ಲಿ ‘ಎ’ ಬಿಟ್ಟುಹೋಗಿದೆ. ‘ಅವರು ಸರಳ ವ್ಯಕ್ತಿ’ ಎನ್ನುವಾಗ ನಮಗೆ ‘ಒಬ್ಬ’ ಬೇಕೇಬೇಕೆಂದಿಲ್ಲವಲ್ಲ. ‘ಹಿ ಓನ್ಲಿ ಕೇಮ್ ಟು ಮಿ’ ಎಂಬುದು ‘ಅವರೇ ಬಂದರು’ ಎಂಬುದರ ‘ಏ’ಕಾರ. ಅದಕ್ಕೆ ‘ಹಿ ಹಿಮ್‌ಸೆಲ್ಫ್ ಕೇಮ್’ ಎನ್ನಬೇಕು, ‘ಅಲ್ಲೇ’ ಎಂಬುದಕ್ಕೆ ‘ರೈಟ್ ದೇರ್’. ಈ ‘ಓನ್ಲಿ’ ಭಾರತದೊಳಗೆ ಎಲ್ಲರಿಗೂ ಅರ್ಥವಾಗುವುದರಿಂದ ಗೆಳೆಯರ ನಡುವೆ ಅದಕ್ಕಾಗಿ ನಾಚಬೇಕಿಲ್ಲ. ಪರೀಕ್ಷೆ, ಸಂದರ್ಶನ, ವಿದೇಶದವರೊಂದಿಗಿನ ಮಾತುಗಳಲ್ಲಿ ಮಾತ್ರ ಎಚ್ಚರವಿರಲಿ.

ಲಕ್ಷಣ: ತಾರೆ ಆಡಿದ ಮಾತನ್ನು ಹೇಳಿದಾಗ ಯಾರು ಯಾರಿಗೆ ಏನು ಹೇಳಿದರೆಂದೇ ತಿಳಿಯುವುದಿಲ್ಲ

ನಮ್ಮ ಗುಂಪಿನಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಈ ಕಲ್ಪಿತ ಕಥೆಯನ್ನು ಹೇಳುತ್ತಾ ‘ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟು ಯುವರ್ ಕಾಲೇಜ್’ ಎಂದಳು. ಎದುರಿಗಿದ್ದ ಜೊತೆಗಾತಿ ಹುಬ್ಬು ಗಂಟಿಕ್ಕಿ, ‘ನೀನು ನನ್ನ ಕಾಲೇಜಿಗೆ ಬರುತ್ತೀಯಾ? ಯಾವಾಗ?’ ಎಂದು ಕೇಳಿದಳು. ಹೇಳಿದವಳಿಗೆ ತಾನು ತಪ್ಪು ಹೇಳಿದೆನೆಂದು ತಿಳಿಯಲೇ ಇಲ್ಲ. ತನ್ನ ವಾಕ್ಯವನ್ನು ಮತ್ತೆ ಅದೇ ಪದಗಳಲ್ಲಿ, ಇನ್ನಷ್ಟು ನಿಧಾನವಾಗಿ ಹೇಳಿದಳು.

ಅವಳು ಮನಸ್ಸಿನಲ್ಲಿ ಹೇಳುತ್ತಿದ್ದದ್ದು ‘ನಾನು ನಿಮ್ಮ ಕಾಲೇಜಿಗೆ ಬರುತ್ತೇನೆ ಅಂತ ಹೇಳಿದರು’ ಎಂದು. ನಮ್ಮ ‘ಅಂತ’ ಅಥವಾ ‘ಎಂದು’ ಬಹಳ ಶಕ್ತಿಯುಳ್ಳ ಪದ. ಅದರ ಹಿಂದೆ ಇನ್ನೊಬ್ಬರ ಮಾತನ್ನು ‘ನಾನು’, ‘ನಿಮ್ಮ’, ‘ನಾಳೆ’ ಯಾವುದನ್ನೂ ಬದಲಿಸದೆ ಇಡಬಹುದು. ಇಂಗ್ಲಿಷಿನ ‘ದಟ್’ಗೆ ಆ ಶಕ್ತಿ ಇಲ್ಲ. ‘ದಟ್’ ದಾಟಿದ ಮೇಲೆ ಎಲ್ಲವನ್ನೂ ಕಥೆ ಹೇಳುವವರ ನೆಲೆಯಿಂದ ನೋಡಬೇಕು, ಆದ್ದರಿಂದ ಅಲ್ಲಿನ ‘ಐ’ ಕುಂಬ್ಳೆ ಅವರಲ್ಲ, ಅವಳೇ ಆದಳು.

ಇದರ ದುರಸ್ತಿಯನ್ನು ಒಮ್ಮೆಲೇ ಮಾಡಲು ಹೋಗಬೇಡಿ. ಮೊದಲು ‘ದಟ್’ ಕೈಬಿಟ್ಟು, ಸ್ವಲ್ಪ ತಡೆದು, ಅವರ ಮಾತನ್ನು ಹಾಗೆಯೇ ಹೇಳಿ: ‘ಹಿ ಸೆಡ್, “ಐ ವಿಲ್ ಕಮ್ ಟು ಯುವರ್ ಕಾಲೇಜ್.”’ ಇದು ವ್ಯಾಕರಣಕ್ಕೆ ಸಂಪೂರ್ಣ ಸರಿಯಾದ ವಾಕ್ಯ, ಕಥೆಗೆ ಜೀವವನ್ನೂ ಕೊಡುತ್ತದೆ. ಇದು ರೂಢಿಯಾದ ಮೇಲೆ ‘ದಟ್’ ತಂದು ವ್ಯಕ್ತಿಗಳನ್ನು ಮಾತ್ರ ಬದಲಿಸಿ: ‘ಐ’ ಹೋಗಿ ‘ಹಿ’, ‘ಯುವರ್’ ಹೋಗಿ ‘ಮೈ’. ಅರ್ಥದ ಗೊಂದಲ ಇಷ್ಟಕ್ಕೇ ನಿವಾರಣೆಯಾಗುತ್ತದೆ. ಅನಂತರ ಕಾಲ: ‘ವಿಲ್’ ಎಂಬುದು ‘ವುಡ್’, ‘ಟುಮಾರೋ’ ಎಂಬುದು ‘ದ ನೆಕ್ಸ್ಟ್ ಡೇ’. ಹೇಳಿದ ಸಂಗತಿ ಇಂದಿಗೂ ನಿಜವಾಗಿದ್ದರೆ, ‘ಹಿ ಸೆಡ್ ಹಿ ಲಿವ್ಸ್ ಇನ್ ಬೆಂಗಳೂರು’ ಎಂಬಂತೆ ಕಾಲ ಬದಲಿಸದಿದ್ದರೂ ತಪ್ಪಲ್ಲ. ಶಾಲೆಯ ಪರೀಕ್ಷೆಯಲ್ಲಿ ಮಾತ್ರ ಬದಲಿಸಿಯೇ ಬರೆಯಿರಿ. ಜೊತೆಗೆ ‘ಟೋಲ್ಡ್’ ಎಂದರೆ ಯಾರಿಗೆ ಎಂದು ಹೇಳಲೇಬೇಕು, ‘ಟೋಲ್ಡ್ ಮಿ’. ‘ಸೆಡ್’ಗೆ ಅದು ಬೇಡ.

ಪ್ರಶ್ನೆಗಳನ್ನು ವರದಿ ಮಾಡುವುದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಮೇಲೆ ಕಷ್ಟಪಟ್ಟು ಸೇರಿಸಿದ ‘ಡಿಡ್’ ಅನ್ನು ಇಲ್ಲಿ ತೆಗೆಯಬೇಕು. 2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದದ್ದನ್ನು ನೀವು ಕೇಳಬೇಕೆಂದಿದ್ದರೆ, ನೇರ ಪ್ರಶ್ನೆ ‘ಹೌ ಡಿಡ್ ಯು ಬೌಲ್?’ ಎಂದಾಗುತ್ತದೆ. ಅದನ್ನು ಗೆಳತಿಗೆ ಹೇಳುವಾಗ ‘ಐ ಆಸ್ಕ್ಡ್ ಹಿಮ್ ಹೌ ಹಿ ಹ್ಯಾಡ್ ಬೌಲ್ಡ್’ ಎನ್ನಬೇಕು, ಮಾತಿನಲ್ಲಿ ‘ಹೌ ಹಿ ಬೌಲ್ಡ್’ ಎಂದರೂ ನಡೆಯುತ್ತದೆ. ಈ ‘ಹ್ಯಾಡ್’ ಮೊದಲು ಹೇಳಿದ ನಿಯಮಕ್ಕೆ ಒಪ್ಪುವಂಥದ್ದೇ, ಏಕೆಂದರೆ ಬೌಲ್ ಮಾಡಿದ್ದು ನೀವು ಕೇಳಿದ್ದಕ್ಕಿಂತ ಮೊದಲು.

ಲಕ್ಷಣ: ‘ಮತ್ತೆ ಸಿಕ್ಕರೆ’ ಎನ್ನುವಲ್ಲಿ ‘ಇಫ್ ಐ ವಿಲ್ ಮೀಟ್’ ಎಂದು ಬರುತ್ತದೆ

ಈ ಒಂದು ಕಡೆ ಕನ್ನಡ ನಿಮಗೆ ಅಡ್ಡಿಯಾಗದೆ ನೆರವಿಗೆ ಬರುತ್ತದೆ. ‘ನಾಳೆ ಬಂದರೆ’ ಎಂಬುದನ್ನು ಬಿಡಿಸಿ ನೋಡಿ. ನಾಳೆಯ ಮಾತಾದರೂ ‘ಬರುತ್ತೇನೆ’ಯ ರೂಪ ಅಲ್ಲಿ ಇಲ್ಲ, ‘ಬಂದ’ ಎಂಬ ಭೂತಕಾಲದ ರೂಪಕ್ಕೇ ‘ಅರೆ’ ಸೇರಿದೆ. ‘ಕೇಳಿದರೆ’, ‘ನೋಡಿದರೆ’, ‘ಸಿಕ್ಕರೆ’ ಎಲ್ಲವೂ ಹಾಗೆಯೇ. ಆಗದ ಅಥವಾ ದೂರದ ಸಾಧ್ಯತೆ ಹೇಳುವಾಗ ಇಂಗ್ಲಿಷ್ ಕೂಡ ಅದನ್ನೇ ಮಾಡುತ್ತದೆ: ‘ಇಫ್ ಐ ಮೆಟ್ ಹಿಮ್ ಅಗೇನ್, ಐ ವುಡ್ ಆಸ್ಕ್’. ಭವಿಷ್ಯದ ಅರ್ಥವಿದೆಯೆಂದು ‘ವಿಲ್’ ತುರುಕುವುದನ್ನು ಬಿಟ್ಟು, ಕನ್ನಡದ ‘ಸಿಕ್ಕ’ವನ್ನು ಕಿವಿಯಲ್ಲಿಟ್ಟುಕೊಂಡರೆ ‘ಮೆಟ್’ ತಾನಾಗಿ ಬರುತ್ತದೆ.

ನಿಜವಾಗಿಯೂ ಭೇಟಿಯಾಗುವ ಸಾಧ್ಯತೆ ಇದ್ದರೆ ‘ಇಫ್ ಐ ಮೀಟ್ ಹಿಮ್ ಟುಮಾರೋ, ಐ ವಿಲ್ ಆಸ್ಕ್’. ಅವಕಾಶ ಕೈತಪ್ಪಿ ಹೋಗಿದ್ದರೆ, ‘ಸಿಕ್ಕಿದ್ದರೆ ಕೇಳುತ್ತಿದ್ದೆ’ ಎಂಬುದಕ್ಕೆ, ‘ಇಫ್ ಐ ಹ್ಯಾಡ್ ಮೆಟ್ ಹಿಮ್, ಐ ವುಡ್ ಹ್ಯಾವ್ ಆಸ್ಕ್ಡ್’. ಮೂರರಲ್ಲಿಯೂ ಪರೀಕ್ಷೆ ಒಂದೇ: ‘ಇಫ್’ ಇರುವ ಅರ್ಧದಲ್ಲಿ ‘ವಿಲ್’ ಅಥವಾ ‘ವುಡ್’ ಕಂಡರೆ ಅಲ್ಲಿ ದೋಷವಿದೆ ಎಂದು ಗುರುತು ಹಾಕಿಕೊಳ್ಳಿ.

ಅಭ್ಯಾಸ ಮಾಡುವಾಗ ಎಚ್ಚರಿಕೆಗಳು

ಜೊತೆಗಾರರು ಮಾತಾಡುತ್ತಿರುವಾಗ ನಡುವೆ ತಿದ್ದಬೇಡಿ. ಗುರುತು ಹಾಕಿಕೊಂಡು, ಕಥೆ ಮುಗಿದ ಮೇಲೆ, ಒಂದು ಸಲಕ್ಕೆ ಒಂದೇ ದೋಷ ಹೇಳಿ. ಆರು ತಪ್ಪುಗಳನ್ನು ಒಟ್ಟಿಗೆ ಕೇಳಿದವರು ಮರುದಿನ ಬಾಯಿ ತೆರೆಯದೆ ಕುಳಿತದ್ದನ್ನು ನಾನು ನೋಡಿದ್ದೇನೆ, ಅದು ನನ್ನ ಆತುರದಿಂದಲೇ ಆದದ್ದು.

ಇಂಗ್ಲಿಷ್ ಮಾತಿನ ಅಭ್ಯಾಸಕ್ಕೆಂದು ಅಪರಿಚಿತರೊಡನೆ ಜಾಲತಾಣಗಳಲ್ಲಿ ಹರಟುವಾಗ ಫೋನ್ ಸಂಖ್ಯೆ, ವಿಳಾಸ, ಕಾಲೇಜಿನ ಹೆಸರು ಕೊಡಬೇಡಿ. ಮೆಚ್ಚಿನ ತಾರೆಯ ಹೆಸರಿನ ಖಾತೆಯಿಂದ ಸಂದೇಶ ಬಂದು, ಭೇಟಿ ಮಾಡಿಸುತ್ತೇವೆಂದು ಹಣ ಅಥವಾ ಒಟಿಪಿ ಕೇಳಿದರೆ ಅದನ್ನು ವಂಚನೆಯೆಂದೇ ತಿಳಿದು ಮಾತು ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲಕ್ಷಣ: ನಿಯಮ ಗೊತ್ತು, ಬರೆದರೆ ಸರಿ, ಆದರೆ ಬಾಯಿ ಕಟ್ಟುತ್ತದೆ

ಇಲ್ಲಿ ವ್ಯಾಕರಣದ ಅಭ್ಯಾಸ ನಿಲ್ಲಿಸಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕನ್ನಡದಲ್ಲಿ ಇದೇ ಕಥೆ ಹೇಳುವಾಗಲೂ ಹೀಗೆ ಆಗುತ್ತದೆಯೇ? ಕನ್ನಡದಲ್ಲಿ ನಿರಾಳವಾಗಿ ಹೇಳಬಲ್ಲಿರಾದರೆ, ವಾಕ್ಯದ ಕೊನೆಯಲ್ಲಿ ಬರುವ ನಮ್ಮ ಕ್ರಿಯಾಪದವನ್ನು ಮೊದಲಿಗೆ ಎಳೆದು ತರುವ ಶ್ರಮದಲ್ಲಿ ಮಾತು ಸಿಕ್ಕಿಬಿದ್ದಿದೆ ಎಂದರ್ಥ. ಆಗ ‘ಐ ಮೆಟ್’, ‘ಐ ಆಸ್ಕ್ಡ್’, ‘ಹಿ ಸೆಡ್’ ಎಂಬ ಮೂರು ಆರಂಭಗಳನ್ನು ಮಾತ್ರ ಬಾಯಿಪಾಠ ಮಾಡಿ, ಪ್ರತಿ ವಾಕ್ಯವನ್ನೂ ಅವುಗಳಲ್ಲಿ ಒಂದರಿಂದಲೇ ತೊಡಗಿ. ಎರಡು ಮೂರು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ, ನಿಮ್ಮ ಮಾತನ್ನು ಎದುರು ಕುಳಿತು ಕೇಳಬಲ್ಲ ಶಿಕ್ಷಕರ ನೆರವು ಪಡೆಯಿರಿ. ಮೊದಲೇ ಪೂರ್ತಿ ಶುಲ್ಕ ಕಟ್ಟಿಸಿಕೊಂಡು ಕೆಲವೇ ದಿನಗಳಲ್ಲಿ ನಿರರ್ಗಳ ಮಾತಿನ ಭರವಸೆ ಕೊಡುವ ತರಗತಿಗಳಿಗೆ ಸೇರುವ ಮುನ್ನ ಒಂದು ಪಾಠವನ್ನು ಕುಳಿತು ನೋಡಲು ಅವಕಾಶ ಕೇಳಿ.

ಕನ್ನಡದಲ್ಲಿಯೂ ಅಕ್ಷರಗಳು ತಡೆಯುತ್ತಿದ್ದರೆ, ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿದ್ದರೆ, ಅದು ಉಗ್ಗು ಇರಬಹುದು. ಅದಕ್ಕೂ ವ್ಯಾಕರಣಕ್ಕೂ ಸಂಬಂಧವಿಲ್ಲ, ಹೆಚ್ಚು ಅಭ್ಯಾಸ ಮಾಡಿಸಿ ಒತ್ತಡ ಹೇರುವುದರಿಂದ ಕಷ್ಟ ಹೆಚ್ಚಬಹುದು. ವಾಕ್ ಚಿಕಿತ್ಸಕರನ್ನು ಕಾಣುವುದು ಸರಿಯಾದ ದಾರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ತಪಾಸಣೆ ನಡೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಹೋಗುವಾಗ ಮೊದಲ ದಿನ ಮಾಡಿಕೊಂಡ ಎರಡು ನಿಮಿಷದ ಧ್ವನಿಮುದ್ರಿಕೆಯನ್ನು ಅಳಿಸದೆ ಜೊತೆಗೆ ಒಯ್ಯಿರಿ, ಸಾಧ್ಯವಾದರೆ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿದ ಇನ್ನೊಂದು ಮುದ್ರಿಕೆಯೂ ಇರಲಿ.